ಕಾಡಿನಿಂದ ಬೆಂಕಿಯನ್ನು ಗಡೀಪಾರು ಮಾಡಿದ ಅರಣ್ಯಾಧಿಕಾರಿ: ಗಿಫರ್ಡ್ ಪಿಂಶೋ

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಕಾಳ್ಗಿಚ್ಚು ಹೊತ್ತಿಕೊಂಡಾಗಲೆಲ್ಲ ಹಳೆಯ ವಾಗ್ವಾದವೊಂದು ಮತ್ತೆ ತಲೆಯೆತ್ತುತ್ತದೆ. 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣ ಸುಟ್ಟು 85 ಮಂದಿ ಮಡಿದಾಗ ಅದು ನಡೆಯಿತು. 2020ರಲ್ಲಿ ಅದೇ ರಾಜ್ಯದ 40 ಲಕ್ಷಕ್ಕೂ ಹೆಚ್ಚು ಎಕರೆ ಪ್ರದೇಶ ಬೆಂಕಿಗೆ ಆಹುತಿಯಾದಾಗ ಇನ್ನಷ್ಟು ಕಾವೇರಿತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಅಂಚಿನ ಬಡಾವಣೆಗಳು ಬೂದಿಯಾದಾಗಲೂ ಕೇಳಿಬಂತು. ಭೂಮಿ ಬಿಸಿಯಾಗುತ್ತಿರುವುದೇ ಈ ಅನಾಹುತಕ್ಕೆ ಕಾರಣ ಎಂಬುದು ಒಂದು ಪಕ್ಷದ ವಾದ. ಕಾಡನ್ನು ನಿರ್ವಹಿಸಲು ಬಾರದ ಸರ್ಕಾರವೇ ಕಾರಣ, ಇದಕ್ಕಿಂತ ದೊಡ್ಡ ಬೆಂಕಿಗಳು ಹಿಂದೆಯೂ ಸಂಭವಿಸಿದ್ದವು ಎಂಬುದು ಇನ್ನೊಂದು ಪಕ್ಷದ ವಾದ.

ಈ ವಾಗ್ವಾದದ ಬೇರನ್ನು ಹುಡುಕಿಕೊಂಡು ಹೋದರೆ ಒಬ್ಬ ವ್ಯಕ್ತಿಯ ಬಾಳಿನ ಕಥೆ ಎದುರಾಗುತ್ತದೆ. ಆತ ಅಮೆರಿಕದ ಅರಣ್ಯ ಸೇವೆಯ ಪ್ರಥಮ ಮುಖ್ಯಸ್ಥ ಗಿಫರ್ಡ್ ಪಿಂಶೋ. ಕೋಟ್ಯಂತರ ಎಕರೆ ಕಾಡನ್ನು ಕೊಡಲಿಯಿಂದ ಉಳಿಸಿದ ಕೀರ್ತಿ ಅವರದು. ಅದೇ ಕಾಡಿನಿಂದ ಬೆಂಕಿಯನ್ನು ಸಂಪೂರ್ಣವಾಗಿ ಹೊರಗಿಡಬೇಕೆಂಬ ನೀತಿಗೆ ಅಡಿಗಲ್ಲು ಹಾಕಿದ ಹೊಣೆಯೂ ಅವರದೇ. ಅವರು ಅರಣ್ಯವಿದ್ಯೆಯ ಮೊದಲ ಪಾಠಗಳನ್ನು ಕಲಿತದ್ದು ಭಾರತದ ಕಾಡುಗಳನ್ನು ಎರಡು ದಶಕ ಆಳಿದ್ದ ಜರ್ಮನ್ ವಿದ್ವಾಂಸರೊಬ್ಬರಿಂದ ಎಂಬುದು ನಮ್ಮ ಓದುಗರಿಗೆ ಕುತೂಹಲದ ಸಂಗತಿ.

ಸಿರಿವಂತರ ಮಗ, ಕಾಡಿನ ವಿದ್ಯಾರ್ಥಿ

ಪಿಂಶೋ ಜನಿಸಿದ್ದು 1865ರ ಆಗಸ್ಟ್ 11ರಂದು, ಕನೆಕ್ಟಿಕಟ್ ರಾಜ್ಯದ ಸಿಮ್ಸ್‌ಬರಿಯಲ್ಲಿದ್ದ ತಾಯಿಯ ತವರಿನ ಬೇಸಿಗೆ ಮನೆಯಲ್ಲಿ. ತಂದೆ ಜೇಮ್ಸ್ ಪಿಂಶೋ ಗೋಡೆಗೆ ಅಂಟಿಸುವ ಅಲಂಕಾರದ ಕಾಗದದ ವ್ಯಾಪಾರದಲ್ಲಿ ಹಣ ಗಳಿಸಿದವರು. ತಾತನ ಕಾಲದಲ್ಲಿ ಈ ಕುಟುಂಬ ಪೆನ್ಸಿಲ್ವೇನಿಯಾದ ಮಿಲ್‌ಫರ್ಡ್ ಸುತ್ತಲಿನ ಮರಗಳನ್ನು ಕಡಿಸಿ ಮಾರಿತ್ತು. ಬೋಳಾದ ಆ ಬೆಟ್ಟಗಳು ಜೇಮ್ಸ್ ಅವರನ್ನು ಕಾಡುತ್ತಿದ್ದವು. ಯೇಲ್ ವಿಶ್ವವಿದ್ಯಾಲಯಕ್ಕೆ ಹೊರಟು ನಿಂತ ಮಗನಿಗೆ ಅರಣ್ಯಶಾಸ್ತ್ರವನ್ನೇಕೆ ವೃತ್ತಿಯನ್ನಾಗಿ ಆರಿಸಿಕೊಳ್ಳಬಾರದು ಎಂದು ಸೂಚಿಸಿದವರು ಅವರೇ. ಆ ವೃತ್ತಿ ಅಂದಿನ ಅಮೆರಿಕದಲ್ಲಿ ಅಸ್ತಿತ್ವದಲ್ಲೇ ಇರಲಿಲ್ಲ. ಅದನ್ನು ಕಲಿಸುವ ಒಂದು ಶಾಲೆಯೂ ಆ ದೇಶದಲ್ಲಿರಲಿಲ್ಲ.

1889ರಲ್ಲಿ ಪದವಿ ಮುಗಿಸಿದ ಪಿಂಶೋ ಯೂರೋಪಿಗೆ ಹಡಗು ಹತ್ತಿದರು. ಅಲ್ಲಿ ಅವರಿಗೆ ದೊರೆತ ಗುರು ಡೀಟ್ರಿಚ್ ಬ್ರಾಂಡಿಸ್. ಬಾನ್ ನಗರದ ಸಸ್ಯವಿಜ್ಞಾನಿಯಾದ ಬ್ರಾಂಡಿಸ್ 1856ರಲ್ಲಿ ಬರ್ಮಾದ ಪೆಗು ಪ್ರಾಂತದ ತೇಗದ ಕಾಡುಗಳ ಉಸ್ತುವಾರಿಗೆ ನೇಮಕಗೊಂಡಿದ್ದರು. 1864ರಲ್ಲಿ ಬ್ರಿಟಿಷ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದ ಅವರು 1883ರವರೆಗೆ ಆ ಸ್ಥಾನದಲ್ಲಿದ್ದರು. ನಿವೃತ್ತಿಯ ನಂತರ ಬಾನ್‌ನಲ್ಲಿ ನೆಲೆಸಿ, ಅರಣ್ಯಶಾಸ್ತ್ರ ಕಲಿಯಲು ಬಂದ ಯುವಕರಿಗೆ ಮಾರ್ಗದರ್ಶನ ಮಾಡುತ್ತಿದ್ದರು. ಅವರ ಸಲಹೆಯಂತೆ ಪಿಂಶೋ ಫ್ರಾನ್ಸಿನ ನಾನ್ಸಿಯ ಅರಣ್ಯ ಶಾಲೆಯನ್ನು ಸೇರಿದರು. ಫ್ರಾನ್ಸ್, ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್‌ಗಳ ಕಾಡುಗಳಲ್ಲಿ ತಿರುಗಾಡಿ ಪಾಠ ಕಲಿತರು. ಇನ್ನೂ ಕೆಲಕಾಲ ಓದಬೇಕೆಂಬ ಗುರುವಿನ ಮಾತನ್ನು ಕೇಳದೆ 1890ರ ಕೊನೆಯಲ್ಲಿ ತಾಯ್ನಾಡಿಗೆ ಮರಳಿದರು.

ಯೂರೋಪಿನ ಅರಣ್ಯಶಾಸ್ತ್ರಕ್ಕೆ ಬೆಂಕಿ ಕಾಡಿನ ಶತ್ರು. ಅಳೆದು, ಎಣಿಸಿ, ಸರದಿಯಂತೆ ಕಡಿಯುವ ನೆಡುತೋಪಿನಲ್ಲಿ ಬೆಂಕಿಗೆ ಯಾವ ಪಾತ್ರವೂ ಇರಲಿಲ್ಲ. ಇದೇ ದೃಷ್ಟಿಯನ್ನು ಬ್ರಾಂಡಿಸ್ ಕಾಲದ ಅಧಿಕಾರಿಗಳು ಭಾರತಕ್ಕೂ ತಂದಿದ್ದರು. ಪ್ರತಿ ಬೇಸಿಗೆಯಲ್ಲೂ ನೆಲದ ತರಗೆಲೆ ಸುಡುತ್ತಿದ್ದ ಮಧ್ಯ ಪ್ರಾಂತದ ಬೋರಿ ಕಾಡಿನಲ್ಲಿ 1860ರ ದಶಕದಲ್ಲೇ ಬೆಂಕಿ ತಡೆಯುವ ಪ್ರಯೋಗ ಆರಂಭವಾಗಿತ್ತು. ಮುಂದೆ ದೇಶದ ಮೀಸಲು ಅರಣ್ಯಗಳಲ್ಲೆಲ್ಲ ಬೆಂಕಿರೇಖೆ, ಕಾವಲುಗಾರ, ದಂಡ ಇವು ಸಾಮಾನ್ಯವಾದವು. ಭಾರತದಲ್ಲಿ ಅಷ್ಟು ಬಿಸಿಲಿನಲ್ಲೂ ಸಾಧ್ಯವಾದ ಕೆಲಸ ಅಮೆರಿಕದಲ್ಲೇಕೆ ಸಾಧ್ಯವಾಗದು ಎಂಬ ವಿಶ್ವಾಸ ಅಲ್ಲಿನ ಹೊಸ ಪೀಳಿಗೆಯ ಅರಣ್ಯಾಧಿಕಾರಿಗಳಲ್ಲಿ ಬಲವಾಗಿ ಬೇರೂರಿತು.

ಅಧ್ಯಕ್ಷರ ಆಪ್ತ

ಪಿಂಶೋ ಮರಳಿದ ಅಮೆರಿಕ ಬೆಂಕಿಯ ಭಯವನ್ನು ಚೆನ್ನಾಗಿ ಬಲ್ಲ ದೇಶವಾಗಿತ್ತು. 1871ರ ಅಕ್ಟೋಬರ್ 8ರ ರಾತ್ರಿ ವಿಸ್ಕಾನ್ಸಿನ್ ರಾಜ್ಯದ ಪೆಶ್ಟಿಗೊ ಪಟ್ಟಣ ಮತ್ತು ಸುತ್ತಲಿನ ಊರುಗಳು ಕಾಳ್ಗಿಚ್ಚಿಗೆ ಸಿಲುಕಿ ಸಾವಿರಕ್ಕೂ ಹೆಚ್ಚು ಜನ ಮಡಿದಿದ್ದರು. 1894ರಲ್ಲಿ ಮಿನೆಸೋಟಾದ ಹಿಂಕ್ಲಿಯಲ್ಲಿ 400ಕ್ಕೂ ಅಧಿಕ ಮಂದಿ ಸುಟ್ಟುಹೋದರು. ಈ ದುರಂತಗಳಿಗೆ ಒಂದು ಸಮಾನ ಹಿನ್ನೆಲೆಯಿತ್ತು. ಮರದ ಕಂಪನಿಗಳು ದಿಮ್ಮಿಗಳನ್ನು ಸಾಗಿಸಿ ಕೊಂಬೆ ರೆಂಬೆಗಳನ್ನು ಅಲ್ಲೇ ರಾಶಿ ಬಿಟ್ಟು ಹೋಗುತ್ತಿದ್ದವು. ಬರದ ವರ್ಷದಲ್ಲಿ ರೈಲು ಎಂಜಿನ್ನಿನ ಒಂದು ಕಿಡಿ ಸಾಕಾಗುತ್ತಿತ್ತು. ಕಡಿಯುವವರ ದುರಾಸೆಯೂ ಬೆಂಕಿಯೂ ಒಂದೇ ನಾಣ್ಯದ ಎರಡು ಮುಖಗಳೆಂದು ಪಿಂಶೋ ನಂಬಿದ್ದು ಸಹಜವೇ ಆಗಿತ್ತು.

1892ರಿಂದ ಉತ್ತರ ಕೆರೊಲಿನಾದಲ್ಲಿ ಜಾರ್ಜ್ ವ್ಯಾಂಡರ್‌ಬಿಲ್ಟ್ ಅವರ ಬಿಲ್ಟ್‌ಮೋರ್ ಎಸ್ಟೇಟಿನ ಕಾಡನ್ನು ನಿರ್ವಹಿಸಿದ ಪಿಂಶೋ, 1898ರಲ್ಲಿ ಕೃಷಿ ಇಲಾಖೆಯ ಪುಟ್ಟ ಅರಣ್ಯ ವಿಭಾಗದ ಮುಖ್ಯಸ್ಥರಾದರು. 1900ರಲ್ಲಿ ಅವರ ಕುಟುಂಬದ ದೇಣಿಗೆಯಿಂದ ಯೇಲ್‌ನಲ್ಲಿ ಅರಣ್ಯ ಶಾಲೆ ಆರಂಭವಾಯಿತು. ನ್ಯೂಯಾರ್ಕ್ ರಾಜ್ಯಪಾಲರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ಅವರೊಡನೆ ಸ್ನೇಹ ಬೆಳೆಯಿತು. ಇಬ್ಬರೂ ಕುಸ್ತಿ ಮತ್ತು ಮುಷ್ಟಿಯುದ್ಧದಲ್ಲಿ ಪರಸ್ಪರ ಕೈ ಮಿಲಾಯಿಸಿದ ಗೆಳೆಯರು. 1901ರಲ್ಲಿ ರೂಸ್‌ವೆಲ್ಟ್ ದೇಶದ ಅಧ್ಯಕ್ಷರಾದಾಗ ಪಿಂಶೋ ಅವರ ಅತ್ಯಂತ ಆಪ್ತ ವಲಯದಲ್ಲಿದ್ದರು.

1905ರಲ್ಲಿ ಮೀಸಲು ಅರಣ್ಯಗಳು ಒಳಾಡಳಿತ ಇಲಾಖೆಯಿಂದ ಕೃಷಿ ಇಲಾಖೆಗೆ ವರ್ಗಾವಣೆಯಾಗಿ ಅರಣ್ಯ ಸೇವೆ ಜನ್ಮ ತಾಳಿತು. ಆಗ ಮೀಸಲು ಅರಣ್ಯದ ವಿಸ್ತೀರ್ಣ ಸುಮಾರು 5.6 ಕೋಟಿ ಎಕರೆ. 1910ರ ವೇಳೆಗೆ ಅದು 17.2 ಕೋಟಿ ಎಕರೆಗೆ ಏರಿತು. ಮರದ ಕಂಪನಿಗಳು, ಗಣಿ ಮಾಲೀಕರು ಮತ್ತು ಅವರ ಪರವಾಗಿದ್ದ ಸೆನೆಟರುಗಳು ಕೆಂಡಾಮಂಡಲವಾದರು. 1907ರಲ್ಲಿ ಆರು ಪಶ್ಚಿಮ ರಾಜ್ಯಗಳಲ್ಲಿ ಹೊಸ ಅರಣ್ಯ ಘೋಷಿಸುವ ಅಧಿಕಾರವನ್ನು ಸಂಸತ್ತು ಅಧ್ಯಕ್ಷರಿಂದ ಕಿತ್ತುಕೊಂಡಿತು. ಮಸೂದೆಗೆ ಸಹಿ ಬೀಳುವ ಮುನ್ನ ದೊರೆತ ಕೆಲವೇ ದಿನಗಳಲ್ಲಿ ಪಿಂಶೋ ಮತ್ತು ಸಹಾಯಕರು ನಕ್ಷೆಗಳನ್ನು ಹರಡಿಕೊಂಡು ಕುಳಿತರು. ಅವರು ಗುರುತಿಸಿಕೊಟ್ಟ ಸುಮಾರು 1.6 ಕೋಟಿ ಎಕರೆಯನ್ನು ರೂಸ್‌ವೆಲ್ಟ್ ಅರಣ್ಯವೆಂದು ಘೋಷಿಸಿ, ಅನಂತರ ಮಸೂದೆಗೆ ಸಹಿ ಹಾಕಿದರು.

ಪಿಂಶೋ ಕಾಡನ್ನು ಪೂಜೆಯ ವಸ್ತುವಾಗಿ ಕಂಡವರಲ್ಲ. ಹೆಚ್ಚು ಜನರಿಗೆ, ದೀರ್ಘ ಕಾಲ, ಹೆಚ್ಚಿನ ಪ್ರಯೋಜನ ಸಿಗುವಂತೆ ಬಳಸಬೇಕಾದ ಸಾರ್ವಜನಿಕ ಆಸ್ತಿಯೆಂದು ಬಗೆದವರು. ಇದೇ ಕಾರಣಕ್ಕೆ ಯೊಸೆಮಿಟಿಯ ಹೆಚ್ ಹೆಚಿ ಕಣಿವೆಗೆ ಅಣೆಕಟ್ಟು ಕಟ್ಟುವ ವಿಷಯದಲ್ಲಿ ಪ್ರಕೃತಿ ಆರಾಧಕ ಜಾನ್ ಮ್ಯೂರ್ ಅವರೊಂದಿಗೆ ಭಿನ್ನಾಭಿಪ್ರಾಯ ತಾಳಿದರು. ಆಸ್ತಿಯೆಂದ ಮೇಲೆ ಅದಕ್ಕೆ ಕಾವಲು ಬೇಕು. ಬೆಂಕಿ ಆರಿಸುವುದೇ ಅರಣ್ಯ ಸೇವೆಯ ಅಸ್ತಿತ್ವಕ್ಕೆ ಸಮರ್ಥನೆ ಎಂಬಂತಾಯಿತು.

ಗಮನಿಸಬೇಕಾದ ಅಂಶವೊಂದಿದೆ. ಬೆಂಕಿಗೂ ಕಾಡಿಗೂ ಇರುವ ನಂಟು ಪಿಂಶೋ ಅವರಿಗೆ ತಿಳಿಯದ್ದೇನಲ್ಲ. 1899ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಅವರು ಇದೇ ವಿಷಯವಾಗಿ ಬರೆದಿದ್ದರು. ದಕ್ಷಿಣದ ಉದ್ದೆಲೆಯ ಪೈನ್ ಮರ ಬೆಂಕಿಯನ್ನು ತಾಳಿಕೊಳ್ಳುವ ಬಗೆಯನ್ನೂ, ಪಶ್ಚಿಮದ ಡಗ್ಲಸ್ ಫರ್ ಬೆಂಕಿ ಹಾಯ್ದ ಜಾಗದಲ್ಲಿ ಹುಲುಸಾಗಿ ಮೇಲೇಳುವುದನ್ನೂ ಗುರುತಿಸಿದ್ದರು. ಆದರೆ ವಿಜ್ಞಾನಿಯಾಗಿ ಕಂಡದ್ದನ್ನು ಅವರು ಆಡಳಿತಗಾರನಾಗಿ ಬದಿಗಿಟ್ಟರು. ಸಂಸತ್ತಿನಿಂದ ಹಣ ಪಡೆಯಬೇಕಾದವನಿಗೆ ಒಳ್ಳೆಯ ಬೆಂಕಿ, ಕೆಟ್ಟ ಬೆಂಕಿ ಎಂಬ ಸೂಕ್ಷ್ಮ ವಿವರಣೆಗಿಂತ ಬೆಂಕಿಯೇ ವೈರಿ ಎಂಬ ನೇರ ಮಾತು ಹೆಚ್ಚು ಉಪಯುಕ್ತವಾಗಿತ್ತು.

1910: ಅಧಿಕಾರ ಹೋಯಿತು, ಕಾಡು ಹೊತ್ತಿತು

ರೂಸ್‌ವೆಲ್ಟ್ ನಂತರ ಅಧ್ಯಕ್ಷರಾದ ವಿಲಿಯಂ ಟಾಫ್ಟ್ ಅವರ ಸಂಪುಟದಲ್ಲಿ ರಿಚರ್ಡ್ ಬ್ಯಾಲಿಂಜರ್ ಒಳಾಡಳಿತ ಕಾರ್ಯದರ್ಶಿಯಾದರು. ಅಲಾಸ್ಕಾದ ಕಲ್ಲಿದ್ದಲು ಭೂಮಿಯನ್ನು ಖಾಸಗಿಯವರಿಗೆ ಬಿಟ್ಟುಕೊಡಲು ಬ್ಯಾಲಿಂಜರ್ ಅನುವು ಮಾಡುತ್ತಿದ್ದಾರೆ ಎಂಬ ಆರೋಪವನ್ನು ಪಿಂಶೋ ಬಹಿರಂಗವಾಗಿ ಬೆಂಬಲಿಸಿದರು. ತಮ್ಮದೇ ಅಧ್ಯಕ್ಷರನ್ನು ಟೀಕಿಸುವ ಪತ್ರವನ್ನು ಸೆನೆಟರೊಬ್ಬರಿಗೆ ಬರೆದರು. 1910ರ ಜನವರಿ 7ರಂದು ಟಾಫ್ಟ್ ಅವರನ್ನು ಹುದ್ದೆಯಿಂದ ವಜಾ ಮಾಡಿದರು. ಶಿಷ್ಯ ಹಾಗೂ ಗೆಳೆಯ ಹೆನ್ರಿ ಗ್ರೇವ್ಸ್ ಆ ಸ್ಥಾನಕ್ಕೆ ಬಂದರು.

ಏಳು ತಿಂಗಳ ಬಳಿಕ ಅಮೆರಿಕದ ಇತಿಹಾಸದಲ್ಲೇ ಭೀಕರವೆನಿಸಿದ ಕಾಳ್ಗಿಚ್ಚು ಎದ್ದಿತು. ಆ ವರ್ಷ ಉತ್ತರ ರಾಕಿ ಪರ್ವತಗಳಲ್ಲಿ ಹಿಮ ಬೇಗ ಕರಗಿತ್ತು, ವಸಂತದ ಮಳೆ ಕೈಕೊಟ್ಟಿತ್ತು. ರೈಲು ಎಂಜಿನ್ನುಗಳ ಕಿಡಿ ಹಾಗೂ ಜುಲೈ ಕೊನೆಯ ಒಣ ಸಿಡಿಲುಗಳಿಂದ ನೂರಾರು ಕಡೆ ಸಣ್ಣ ಬೆಂಕಿಗಳು ಹೊತ್ತಿಕೊಂಡಿದ್ದವು. ವಲಸೆ ಕಾರ್ಮಿಕರು, ಗಣಿ ಕೆಲಸಗಾರರು, ಸೈನಿಕರು ಎಲ್ಲರನ್ನೂ ಕಾಡಿಗೆ ಅಟ್ಟಲಾಗಿತ್ತು. ಆಗಸ್ಟ್ 20ರ ಮಧ್ಯಾಹ್ನ ಬೀಸಿದ ಬಿರುಗಾಳಿ ಆ ಕಿಚ್ಚುಗಳನ್ನೆಲ್ಲ ಒಂದುಗೂಡಿಸಿತು. ಎರಡೇ ದಿನಗಳಲ್ಲಿ ಐಡಾಹೊ, ಮೊಂಟಾನಾ ಮತ್ತು ವಾಷಿಂಗ್ಟನ್ ರಾಜ್ಯಗಳ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟಿತು. 85ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ಬೆಂಕಿ ಆರಿಸಲು ಹೋದವರೇ. ವ್ಯಾಲೇಸ್ ಪಟ್ಟಣದ ಮೂರನೆಯ ಒಂದು ಭಾಗ ಬೂದಿಯಾಯಿತು. ಎಡ್ ಪುಲಾಸ್ಕಿ ಎಂಬ ಅರಣ್ಯ ರಕ್ಷಕ ತನ್ನ ಸುಮಾರು 45 ಮಂದಿಯನ್ನು ಹಳೆಯ ಗಣಿಯ ಸುರಂಗಕ್ಕೆ ನುಗ್ಗಿಸಿ, ಬಾಗಿಲಲ್ಲಿ ತಾನೇ ನಿಂತು ಹೆಚ್ಚಿನವರ ಜೀವ ಉಳಿಸಿದ.

ಹುದ್ದೆ ಕಳೆದುಕೊಂಡಿದ್ದ ಪಿಂಶೋ ಸುಮ್ಮನಿರಲಿಲ್ಲ. ಅರಣ್ಯ ಸೇವೆಗೆ ಹಣ ಕೊಡಲು ಜಿಪುಣತನ ತೋರಿದ ಸಂಸದರೇ ಈ ಸಾವುಗಳಿಗೆ ಹೊಣೆ ಎಂದು ದೂರಿದರು. ಸಾಕಷ್ಟು ಜನ, ಕಾಲುದಾರಿ, ದೂರವಾಣಿ ಇದ್ದಿದ್ದರೆ ಕಾಳ್ಗಿಚ್ಚನ್ನು ತಡೆಯಬಹುದಿತ್ತು ಎಂಬುದು ಅವರ ವಾದವಾಗಿತ್ತು. ಬೂದಿಯ ರಾಶಿಯ ನಡುವೆ ಜನ ಈ ಮಾತನ್ನು ನಂಬಿದರು. ಮಡಿದವರು ಹುತಾತ್ಮರಾದರು. 1911ರ ಮಾರ್ಚ್‌ನಲ್ಲಿ ಅಂಗೀಕಾರವಾದ ವೀಕ್ಸ್ ಕಾಯಿದೆ ಪೂರ್ವ ರಾಜ್ಯಗಳಲ್ಲಿ ಅರಣ್ಯಭೂಮಿ ಖರೀದಿಗೂ, ಬೆಂಕಿ ತಡೆಗೆ ರಾಜ್ಯಗಳೊಂದಿಗೆ ಸಹಕಾರಕ್ಕೂ ಹಣ ಒದಗಿಸಿತು.

ಕೇಳಿಸದೆ ಹೋದ ದನಿ

ಅದೇ ಬೇಸಿಗೆಯಲ್ಲಿ ಇನ್ನೊಂದು ಅಭಿಪ್ರಾಯವೂ ಕೇಳಿಬಂದಿತ್ತು. ಕ್ಯಾಲಿಫೋರ್ನಿಯಾದ ಕೆಲವು ರೈತರು ಮತ್ತು ಮರದ ವ್ಯಾಪಾರಿಗಳು ತಂಪು ಕಾಲದಲ್ಲಿ ಕಾಡಿನ ನೆಲಕ್ಕೆ ಹಗುರವಾಗಿ ಬೆಂಕಿ ಹಾಕಬೇಕೆಂದು ಹೇಳುತ್ತಿದ್ದರು. ಮೂಲನಿವಾಸಿಗಳು ಅನಾದಿಯಿಂದ ಮಾಡುತ್ತ ಬಂದದ್ದು ಇದನ್ನೇ. ಹುಲ್ಲು ಚಿಗುರಲು, ಜಿಂಕೆ ಬರಲು, ಬುಟ್ಟಿಗೆ ಬೇಕಾದ ಕಡ್ಡಿ ನೆಟ್ಟಗೆ ಬೆಳೆಯಲು, ಒಣ ಕಸ ರಾಶಿಯಾಗದಿರಲು ಅವರು ಬೆಂಕಿಯನ್ನು ಬಳಸುತ್ತಿದ್ದರು. ಕ್ಯಾಲಿಫೋರ್ನಿಯಾ 1850ರ ಕಾನೂನಿನಲ್ಲೇ ಇದಕ್ಕೆ ನಿಷೇಧ ಹೇರಿತ್ತು. 1910ರಲ್ಲಿ ಈ ಹಳೆಯ ಪದ್ಧತಿಗೆ ಮರಳಬೇಕಾಗಬಹುದು ಎಂದು ಹೇಳಿದವರಲ್ಲಿ ಸ್ವತಃ ಬ್ಯಾಲಿಂಜರ್ ಕೂಡ ಇದ್ದರು.

ವೈರಿಯ ಬಾಯಿಂದ ಬಂದ ಮಾತಿಗೆ ಪಿಂಶೋ ಬಳಗದಲ್ಲಿ ಯಾವ ಬೆಲೆ ಸಿಕ್ಕೀತು? ಕಾಡುಗಳ್ಳರ ಪಕ್ಷಪಾತಿ ಎಂದು ಅವರು ಭಾವಿಸಿದ್ದ ವ್ಯಕ್ತಿಯ ಸಲಹೆ ಸಹಜವಾಗಿಯೇ ತಿರಸ್ಕೃತವಾಯಿತು. ಮುಂದಿನ ದಶಕದಲ್ಲಿ ಹಗುರ ಬೆಂಕಿಯ ವಾದವನ್ನು ಅಧಿಕಾರಿಗಳು ಅಜ್ಞಾನವೆಂದೇ ಲೇವಡಿ ಮಾಡಿದರು. 1910ರ ಬೆಂಕಿಯನ್ನು ಕಣ್ಣಾರೆ ಕಂಡಿದ್ದ ವಿಲಿಯಂ ಗ್ರೀಲಿ 1920ರಲ್ಲಿ ಅರಣ್ಯ ಸೇವೆಯ ಮುಖ್ಯಸ್ಥರಾದರು. ಅದೇ ಬೆಂಕಿಯಲ್ಲಿ ಗ್ರೀಲಿಯವರ ಸಹಾಯಕರಾಗಿದ್ದ ಫರ್ಡಿನಂಡ್ ಸಿಲ್ಕಾಕ್ಸ್ 1933ರಲ್ಲಿ ಆ ಸ್ಥಾನಕ್ಕೆ ಬಂದರು. ಯಾವುದೇ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕೆಂಬ ನಿಯಮ 1935ರಲ್ಲಿ ಜಾರಿಯಾಯಿತು. 1944ರಲ್ಲಿ ಟೋಪಿ ತೊಟ್ಟ ಕರಡಿ ಸ್ಮೋಕಿ ಪ್ರಚಾರ ಫಲಕಗಳಲ್ಲಿ ಕಾಣಿಸಿಕೊಂಡು ಮಕ್ಕಳಿಗೂ ಬೆಂಕಿಯ ವಿರುದ್ಧ ಪಾಠ ಹೇಳತೊಡಗಿತು.

ಪಿಂಶೋ ಅಷ್ಟರಲ್ಲಿ ರಾಜಕಾರಣಕ್ಕೆ ಇಳಿದಿದ್ದರು. 1914ರಲ್ಲಿ ಮಹಿಳಾ ಮತದಾನದ ಹೋರಾಟಗಾರ್ತಿ ಕಾರ್ನೀಲಿಯಾ ಬ್ರೈಸ್ ಅವರನ್ನು ವಿವಾಹವಾದರು. 1923ರಿಂದ 1927 ಹಾಗೂ 1931ರಿಂದ 1935ರವರೆಗೆ ಪೆನ್ಸಿಲ್ವೇನಿಯಾದ ರಾಜ್ಯಪಾಲರಾಗಿ, ಆರ್ಥಿಕ ಕುಸಿತದ ದಿನಗಳಲ್ಲಿ ಸಾವಿರಾರು ಮೈಲಿ ಹಳ್ಳಿ ರಸ್ತೆಗಳಿಗೆ ಡಾಂಬರು ಹಾಕಿಸಿ ನಿರುದ್ಯೋಗಿಗಳಿಗೆ ಕೆಲಸ ಕೊಟ್ಟರು. ಅವರ ವ್ಯಕ್ತಿತ್ವಕ್ಕೆ ಕಪ್ಪು ಚುಕ್ಕೆಯೂ ಇತ್ತು. ಆ ಕಾಲದ ಅನೇಕ ಗಣ್ಯರಂತೆ ಅವರೂ ಮಾನವ ತಳಿ ಸುಧಾರಣೆಯ ಚಳವಳಿಯೊಂದಿಗೆ ಗುರುತಿಸಿಕೊಂಡಿದ್ದರು. 1946ರ ಅಕ್ಟೋಬರ್ 4ರಂದು, 81ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಆತ್ಮಕಥನ ಮರುವರ್ಷ ಪ್ರಕಟವಾಯಿತು.

ಲೆಕ್ಕಗಳ ಜಗಳ

ಬೆಂಕಿಯನ್ನು ಹೊರಗಿಟ್ಟ ಕಾಡಿನಲ್ಲಿ ನಡೆದದ್ದೇನು? ಪಶ್ಚಿಮ ಅಮೆರಿಕದ ಒಣ ಪೈನ್ ಕಾಡುಗಳಲ್ಲಿ ಹಿಂದೆ ಕೆಲವೇ ವರ್ಷಗಳಿಗೊಮ್ಮೆ ಸಣ್ಣ ಬೆಂಕಿ ನೆಲ ಸವರಿ ಹೋಗುತ್ತಿತ್ತು. ಹಳೆಯ ಮರಗಳ ಬೆಳವಣಿಗೆಯ ಉಂಗುರಗಳಲ್ಲಿ ಉಳಿದ ಸುಟ್ಟ ಗುರುತುಗಳೇ ಇದಕ್ಕೆ ಸಾಕ್ಷಿ. ದೊಡ್ಡ ಮರಗಳ ದಪ್ಪ ತೊಗಟೆಗೆ ಅದರಿಂದ ಹಾನಿಯಿರಲಿಲ್ಲ. ಆ ಬೆಂಕಿ ನಿಂತ ಮೇಲೆ ಸಣ್ಣ ಗಿಡಗಳು ಒತ್ತೊತ್ತಾಗಿ ಬೆಳೆದವು, ಒಣ ಕಸ ಶೇಖರವಾಯಿತು. ನೆಲದ ಕಿಚ್ಚು ಮರದ ನೆತ್ತಿಗೆ ಏರಲು ಏಣಿ ಸಿದ್ಧವಾಯಿತು. ತಪ್ಪನ್ನು ಅರಿತ ಅರಣ್ಯ ಸೇವೆ 1978ರಲ್ಲಿ 10 ಗಂಟೆಯ ನಿಯಮವನ್ನು ಕೈಬಿಟ್ಟಿತು. ಆ ವೇಳೆಗೆ ಹಲವು ದಶಕಗಳ ಉರುವಲು ಕಾಡಿನಲ್ಲಿ ಕೂಡಿತ್ತು.

ಇಂದಿನ ಬೆಂಕಿಗಳಿಗೆ ಹವಾಮಾನ ಬದಲಾವಣೆ ಕಾರಣವೇ ಅಲ್ಲ ಎನ್ನುವವರು ಈ ಕಥೆಯನ್ನು ಮುಂದಿಡುತ್ತಾರೆ. ಜೊತೆಗೆ 1930ರ ಸುಮಾರಿಗೆ ಅಮೆರಿಕದಲ್ಲಿ ವರ್ಷಕ್ಕೆ 5 ಕೋಟಿ ಎಕರೆ ಸುಟ್ಟಿತ್ತೆಂಬ ಹಳೆಯ ಅಂಕಿಯನ್ನೂ ತೋರಿಸುತ್ತಾರೆ. ಕಥೆಯಲ್ಲಿ ಸತ್ಯವಿದೆ, ಅಂಕಿಯಲ್ಲಿ ತೊಡಕಿದೆ. ಅಂದಿನ ಲೆಕ್ಕದಲ್ಲಿ ದಕ್ಷಿಣ ರಾಜ್ಯಗಳ ರೈತರು ಬೇಕೆಂದೇ ಹಾಕುತ್ತಿದ್ದ ಬೆಂಕಿಯೂ ಸೇರಿತ್ತು, ಎಣಿಕೆಯ ಕ್ರಮವೂ ಒಂದೇ ಆಗಿರಲಿಲ್ಲ. 1983ಕ್ಕೆ ಮುಂಚಿನ ಅಂಕಿಗಳನ್ನು ಇಂದಿನವುಗಳೊಂದಿಗೆ ಹೋಲಿಸಲಾಗದು ಎಂಬುದು ಅಲ್ಲಿನ ರಾಷ್ಟ್ರೀಯ ಅಗ್ನಿ ಸಮನ್ವಯ ಕೇಂದ್ರದ್ದೇ ನಿಲುವು.

ಇನ್ನೊಂದೆಡೆ ಶಾಖದ ಪಾತ್ರವೂ ಅಳತೆಗೆ ಸಿಕ್ಕಿದೆ. ಬಿಸಿ ಗಾಳಿ ಎಲೆ, ಕಡ್ಡಿ, ಮಣ್ಣಿನಿಂದ ಹೆಚ್ಚು ತೇವ ಹೀರುತ್ತದೆ. ಹಿಮ ಬೇಗ ಕರಗಿ ಬೆಂಕಿಯ ಕಾಲ ಉದ್ದವಾಗುತ್ತದೆ. 1984ರಿಂದ 2015ರ ನಡುವೆ ಪಶ್ಚಿಮ ಅಮೆರಿಕದಲ್ಲಿ ಸುಟ್ಟ ಕಾಡಿನ ವಿಸ್ತೀರ್ಣವನ್ನು ಮಾನವನಿರ್ಮಿತ ತಾಪವೃದ್ಧಿ ಹೆಚ್ಚುಕಡಿಮೆ ಇಮ್ಮಡಿಗೊಳಿಸಿತೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. 1910ರಲ್ಲಿ ವಾತಾವರಣದ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 300 ಭಾಗವಿತ್ತು. ಇಂದು ಅದು 420ನ್ನು ಮೀರಿದೆ. ಲಾಸ್ ಏಂಜಲೀಸ್ ಸುತ್ತಲಿನ ಪೊದೆಗಾಡುಗಳಿಗಂತೂ ಪೈನ್ ಕಾಡಿನ ಕಥೆ ಅನ್ವಯಿಸುವುದೇ ಇಲ್ಲ. ಅಲ್ಲಿ ಒಣ ಹವೆ, ಬಿರುಗಾಳಿ ಮತ್ತು ಕಾಡಿನ ಮಡಿಲಿಗೇ ನುಗ್ಗಿದ ಮನೆಗಳು ಮುಖ್ಯ. ಹೀಗಾಗಿ ಎರಡೂ ಪಕ್ಷಗಳು ಒಂದೊಂದು ಕಾರಣವನ್ನು ಹಿಡಿದು ಜಗ್ಗುತ್ತಿವೆ ಎನ್ನಬಹುದು. ಉರುವಲು ಕೂಡಿಟ್ಟದ್ದು ಹಳೆಯ ನೀತಿ, ಅದನ್ನು ಒಣಗಿಸುತ್ತಿರುವುದು ಹೊಸ ಹವೆ.

ನಮ್ಮ ಬೆಟ್ಟಗಳಿಗೂ ಪಾಠ

ಬ್ರಾಂಡಿಸ್ ಪರಂಪರೆಯ ಇನ್ನೊಂದು ಕವಲು ಕರ್ನಾಟಕದಲ್ಲೇ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲಿ ತರಗೆಲೆಗೆ ಹಗುರವಾಗಿ ಬೆಂಕಿ ಹಾಕುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದೇ ಹೆಸರು. 1970ರ ದಶಕದಲ್ಲಿ ಬೆಟ್ಟ ವನ್ಯಧಾಮವಾದ ಬಳಿಕ ಅದು ನಿಂತಿತು. ಲಂಟಾನ ಪೊದೆ ಕಾಡನ್ನೆಲ್ಲ ಆವರಿಸಿದ್ದಕ್ಕೂ, ನೆಲ್ಲಿಮರಗಳಿಗೆ ಬಂದಳಿಕೆ ಹಬ್ಬಿದ್ದಕ್ಕೂ ಇದೇ ಕಾರಣವೆಂಬುದು ಸೋಲಿಗರ ಅನುಭವ. ಅದನ್ನು ಅಧ್ಯಯನ ಮಾಡಿದ ಸಂಶೋಧಕರೂ ಇದ್ದಾರೆ, ಎಚ್ಚರಿಕೆ ಹೇಳುವ ಅಧಿಕಾರಿಗಳೂ ಇದ್ದಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಾಗ ಒಣ ಲಂಟಾನ ಬೆಂಕಿಗೆ ತುಪ್ಪ ಸುರಿದಿತ್ತು.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1949ರಿಂದ ಗಿಫರ್ಡ್ ಪಿಂಶೋ ಹೆಸರಿನ ರಾಷ್ಟ್ರೀಯ ಅರಣ್ಯವಿದೆ. 1902ರ ಸೆಪ್ಟೆಂಬರ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಎಕರೆಯನ್ನು ಸುಟ್ಟು 38 ಜನರನ್ನು ಬಲಿ ಪಡೆದ ಯಾಕೋಲ್ಟ್ ಬೆಂಕಿ ಹಾಯ್ದದ್ದು ಆ ಸೀಮೆಯಲ್ಲೇ. ಇಂದು ಅರಣ್ಯ ಸೇವೆಯ ಸಿಬ್ಬಂದಿ ಪಶ್ಚಿಮದ ಕಾಡುಗಳಲ್ಲಿ ತಂಪು ದಿನ ನೋಡಿ ತಾವೇ ಬೆಂಕಿ ಹಾಕುತ್ತಾರೆ. ಕ್ಯಾಲಿಫೋರ್ನಿಯಾದ ಕರೂಕ್ ಮತ್ತು ಯುರೋಕ್ ಬುಡಕಟ್ಟುಗಳು ಅಜ್ಜ ಅಜ್ಜಿಯರ ಪದ್ಧತಿಯನ್ನು ಮತ್ತೆ ಆರಂಭಿಸಿವೆ. ಆದರೆ ಬೇಸಿಗೆ ಉದ್ದವಾದಂತೆ, ಹಾಗೆ ಸುರಕ್ಷಿತವಾಗಿ ಬೆಂಕಿ ಹಾಕಬಹುದಾದ ತಂಪು ದಿನಗಳೇ ಹಲವೆಡೆ ಕಡಿಮೆಯಾಗುತ್ತಿವೆ. ಪಿಂಶೋ ಉಳಿಸಿಕೊಟ್ಟ ಕಾಡು ಇನ್ನೂ ಇದೆ. ಅವರು 1899ರಲ್ಲಿ ಬರೆದು ಬದಿಗಿಟ್ಟ ಪಾಠವನ್ನು ಅದರ ಕಾವಲುಗಾರರು ಈಗ ಅವಸರದಲ್ಲಿ ಓದುತ್ತಿದ್ದಾರೆ.